ಕ್ಲಾರಮ್ಮನ ಕೋಣೆಗೆ ಮಕ್ಕಳನ್ನು ಕರೆದುಕೊಂಡು ಹೋದದ್ದು

ಹೊಸದಾಗಿ ಮೇಷ್ಟ್ರ ಕೆಲಸಕ್ಕೆ ಸೇರಿದವರು ಆಗಾಗ ನನ್ನ ಮನೆಗೆ ಬರುತ್ತಾರೆ. ಕಾಫಿ ಕುಡಿದು, "ನಿಮ್ಮ ಅನುಭವ ಹೇಳಿ ಮೇಡಂ" ಎನ್ನುತ್ತಾರೆ. ಯಾವಾಗ ಯಾವ ದರ್ಜೆಗೆ ಏರಿದೆ, ಯಾವ ಸಮಾರಂಭದಲ್ಲಿ ಯಾರು ಶಾಲು ಹೊದಿಸಿದರು ಎಂದು ಹೇಳುತ್ತಾ ಕೂತರೆ ನಿಮಗೂ ಆಕಳಿಕೆ, ನನಗೂ ಆಕಳಿಕೆ. ಅದರ ಬದಲು ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ವಾಪಸ್ ತರುವ ಕೆಲಸ ಇದೆಯಲ್ಲ, ಅದನ್ನು ಹೇಳುತ್ತೇನೆ. ಪಾಠ ಮಾಡುವುದನ್ನು ಟ್ರೈನಿಂಗ್ ಸ್ಕೂಲಿನಲ್ಲಿ ಕಲಿಸುತ್ತಾರೆ. ಮಕ್ಕಳನ್ನು ವಾಪಸ್ ತರುವುದನ್ನು ನನಗಂತೂ ಯಾರೂ ಕಲಿಸಲಿಲ್ಲ.

ನಾನು ಬಂಗಾರಪೇಟೆಯ ಮಿಡಲ್ ಸ್ಕೂಲಿಗೆ ಸಮಾಜ ಪಾಠದ ಟೀಚರ್ ಆಗಿ ಬಂದದ್ದು ಐವತ್ತರ ದಶಕದಲ್ಲಿ. ಆಗ ಪ್ರವಾಸ ಎಂದರೆ ಬೆಂಗಳೂರಿನ ಮ್ಯೂಸಿಯಂ. ಬೆಳಗಿನ ರೈಲು ಹತ್ತಿ, ಕಲ್ಲಿನ ವಿಗ್ರಹಗಳ ಮುಂದೆ ಮಕ್ಕಳನ್ನು ನಿಲ್ಲಿಸಿ, ಹೊಯ್ಸಳರು, ಚೋಳರು ಎಂದು ಒದರಿ, ಬುತ್ತಿ ಬಿಚ್ಚಿಸಿ ಉಣ್ಣಿಸಿ, ಸಂಜೆಯ ರೈಲಿಗೆ ವಾಪಸ್. ಮಕ್ಕಳಿಗೆ ನೆನಪಿರುತ್ತಿದ್ದದ್ದು ರೈಲು ಮತ್ತು ಬುತ್ತಿ. ಚೋಳರು ವೈಟ್‌ಫೀಲ್ಡ್ ದಾಟುವಷ್ಟರಲ್ಲಿ ಇಳಿದು ಹೋಗಿರುತ್ತಿದ್ದರು.

ಒಂದು ಸಲ ವಾಪಸ್ ಬಂದು ಬಂಗಾರಪೇಟೆ ಪ್ಲಾಟ್‌ಫಾರ್ಮಿನಲ್ಲಿ ತಲೆ ಎಣಿಸಿದೆ. ಲೆಕ್ಕ ಸರಿಯಾಗಿತ್ತು. ನೆಮ್ಮದಿಯಿಂದ ಸೆರಗು ಸರಿಮಾಡಿಕೊಳ್ಳುತ್ತಿರುವಾಗ ನಿದ್ದೆಗಣ್ಣಿನ ಹುಡುಗನೊಬ್ಬ ನನ್ನನ್ನು ದಿಟ್ಟಿಸಿ ನೋಡಿ, "ನೀವ್ಯಾರು?" ಎಂದ. ಅವನು ತುಮಕೂರು ಕಡೆಯ ಯಾವುದೋ ಸ್ಕೂಲಿನವನು. ಅದೇ ಖಾಕಿ ಚಡ್ಡಿ, ಅದೇ ಎಣ್ಣೆ ತಲೆ. ನಮ್ಮ ಹುಡುಗನೊಬ್ಬನನ್ನು ಮ್ಯೂಸಿಯಮ್ಮಿನಲ್ಲಿ ಬಿಟ್ಟು, ತುಮಕೂರಿನವರ ಹುಡುಗನನ್ನು ಹೊತ್ತು ತಂದಿದ್ದೆ. ಮಾರನೆಯ ದಿನ ಬೆಂಗಳೂರಿನ ಸ್ಟೇಷನ್ನಿನಲ್ಲಿ ತುಮಕೂರಿನ ಮೇಷ್ಟ್ರೂ ನಾನೂ ಹುಡುಗರನ್ನು ಅದಲುಬದಲು ಮಾಡಿಕೊಂಡೆವು. ನಮ್ಮವನನ್ನು ಮ್ಯೂಸಿಯಮ್ಮಿನ ಕಾವಲುಗಾರ ಮನೆಗೆ ಕರೆದೊಯ್ದು ಚಪಾತಿ ಹಾಕಿದ್ದನಂತೆ. ಆ ಹುಡುಗ ವಾಪಸ್ ಬರಲು ಅಷ್ಟೇನೂ ಆತುರ ತೋರಿಸಲಿಲ್ಲ.

ಈ ಸುದ್ದಿ ಕೇಳಿ ಬಿದ್ದು ಬಿದ್ದು ನಕ್ಕವನು ಏಳುಮಲೈ. ಬಂಗಾರಪೇಟೆಯಲ್ಲಿ ಮನೆ, ಕೆ.ಜಿ.ಎಫ್.ನ ಚಿನ್ನದ ಗಣಿ ಮೈಸೂರು ಮೈನ್ಸ್‌ನಲ್ಲಿ ಕೆಲಸ. ದಿನಾ ರೈಲಿನಲ್ಲಿ ಓಡಾಡುತ್ತಿದ್ದ. ಅವನ ಮಗಳು ನನ್ನ ತರಗತಿಯಲ್ಲಿದ್ದಳು. ನಕ್ಕು ಮುಗಿಸಿ ಅವನು ಹೇಳಿದ: "ಎಣಿಸೋದು ತಪ್ಪು ಟೀಚರಮ್ಮ. ನಮ್ ಗಣಿಯಲ್ಲಿ ಯಾರೂ ತಲೆ ಎಣ್ಸಲ್ಲ. ಕೆಳಗೆ ಇಳಿಯೋ ಆಳಿಗೆಲ್ಲ ಒಂದೊಂದು ಟೋಕನ್ನು. ಮೇಲೆ ಬಂದ್ಮೇಲೆ ಅದರದೇ ಮೊಳೆಗೆ ನೇತಾಕ್ಬೇಕು. ಯಾವ ಮೊಳೆ ಖಾಲಿಯೋ ಆ ಆಳು ಒಳಗೇ ಅವ್ನೆ ಅಂತ ಅರ್ಥ."

ಮುಂದಿನ ವಾರ ಎಣ್ಣೆ ಡಬ್ಬದ ತಗಡು ಕತ್ತರಿಸಿ, ಮೊಳೆಯಿಂದ ನಂಬರು ಕುಟ್ಟಿ, ಮಕ್ಕಳಿಗೆಲ್ಲ ಒಂದೊಂದು ಬಿಲ್ಲೆ ಮಾಡಿ ತಂದ. ಮೊಳೆ ಹೊಡೆದ ಒಂದು ಹಲಗೆಯನ್ನೂ ತಂದು ಸ್ಕೂಲಿನ ಗೋಡೆಗೆ ತಗುಲಿಸಿದ. ಪ್ರವಾಸಕ್ಕೆ ಹೊರಡುವಾಗ ಮಗು ತನ್ನ ಬಿಲ್ಲೆಯನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಳ್ಳಬೇಕು, ಬಂದ ಮೇಲೆ ಮೊಳೆಗೆ ಸಿಕ್ಕಿಸಬೇಕು. ಆಮೇಲೆ ಮ್ಯೂಸಿಯಂ ಪ್ರವಾಸಗಳಲ್ಲಿ ಒಂದು ಎಡವಟ್ಟೂ ಆಗಲಿಲ್ಲ. ಇನ್ಸ್‌ಪೆಕ್ಟರ್ ಸಾಹೇಬರು ಹಲಗೆ ನೋಡಿ, ಇದು ತಮ್ಮದೇ ಐಡಿಯಾ ಎನ್ನುವಂತೆ ಎಲ್ಲ ಕಡೆ ಹೇಳಿಕೊಂಡು ತಿರುಗಿದರು. ಇನ್ಸ್‌ಪೆಕ್ಟರುಗಳ ಸ್ವಭಾವವೇ ಅದು, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಇನ್ನು ನಮ್ಮ ಹೆಡ್‌ಮೇಷ್ಟ್ರು. ಒಳ್ಳೆಯ ಮನುಷ್ಯ, ಶಿಸ್ತಿನ ಹುಚ್ಚು. ಊರೆಲ್ಲ ಅವರನ್ನು "ಹಿಟ್ಲರ್ ಮೇಷ್ಟ್ರು" ಎಂದು ಕರೆಯುತ್ತಿತ್ತು, ಅವರೂ ಅದನ್ನು ಬಿರುದಿನಂತೆ ಹೊತ್ತುಕೊಂಡಿದ್ದರು. ಹೊಸಬರಿಗೆ ತಾವೇ ಹೇಳುತ್ತಿದ್ದರು: "ನನ್ನನ್ನ ಇಲ್ಲಿ ಏನಂತ ಕರೀತಾರೆ ಗೊತ್ತೇನ್ರೀ?" ಆಗ ನಮ್ಮ ಕಡೆ ಅನೇಕರಿಗೆ ಹಿಟ್ಲರನ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ಇಂಗ್ಲಿಷಿನವರಿಗೆ ಬೆವರಿಳಿಸಿದವನು. ಪಠ್ಯಪುಸ್ತಕದಲ್ಲಿ ಯುದ್ಧಕ್ಕೆ ಅರ್ಧ ಪುಟ. ಅವನು ಕೊಲ್ಲಿಸಿದ ಯಹೂದಿಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಒಂದು ದಿನ ತರಗತಿಗೆ ಹೋದಾಗ ಹುಡುಗನೊಬ್ಬ ಮೂಗಿನ ಕೆಳಗೆ ಇದ್ದಿಲು ಹಚ್ಚಿಕೊಂಡು ಉಳಿದವರನ್ನು ಸಾಲಾಗಿ ನಡೆಸುತ್ತಿದ್ದ. ಮಕ್ಕಳು ಕೇಕೆ ಹಾಕಿ ನಗುತ್ತಿದ್ದರು. ನನಗೆ ನಗು ಬರಲಿಲ್ಲ, ಏಕೆಂದರೆ ಅಷ್ಟರಲ್ಲಿ ನನಗೆ ಕ್ಲಾರಮ್ಮನ ಪರಿಚಯವಾಗಿತ್ತು.

ಕ್ಲಾರಮ್ಮ ಜರ್ಮನಿಯಿಂದ ಬಂದ ಯಹೂದಿ ಡಾಕ್ಟರು. ಯುದ್ಧಕ್ಕೆ ಮೊದಲೇ ಜೀವ ಉಳಿಸಿಕೊಂಡು ಹಡಗು ಹತ್ತಿ, ಹೇಗೋ ಕೆ.ಜಿ.ಎಫ್. ತಲುಪಿ, ಗಣಿ ಕಾರ್ಮಿಕರ ಹೆಂಗಸರಿಗೆ ಹೆರಿಗೆ ಮಾಡಿಸುತ್ತಾ ಇಲ್ಲೇ ಉಳಿದುಬಿಟ್ಟರು. ವಾರ್ಡಿನಲ್ಲಿ ಕಲಿತ ತಮಿಳು, ಸಂತೆಯಲ್ಲಿ ಕಲಿತ ಕನ್ನಡ. ಬಿಳಿ ಸೀರೆ ಉಟ್ಟು, ಕೊಡೆ ಹಿಡಿದು ಮೈಸೂರು ಮೈನ್ಸ್ ಬೀದಿಯಲ್ಲಿ ಹೊರಟರೆ ಪ್ರತಿ ಮನೆಯಿಂದಲೂ ಒಬ್ಬರಲ್ಲ ಒಬ್ಬರು ಕೈಮುಗಿಯುತ್ತಿದ್ದರು. ಅವರನ್ನೆಲ್ಲ ಭೂಮಿಗೆ ತಂದವರೇ ಆಕೆ. ಜರ್ಮನಿಯಲ್ಲಿ ಉಳಿದ ಅಪ್ಪ, ಅಮ್ಮ, ತಂಗಿ, ತಂಗಿಯ ಮಗ, ಯಾರೂ ಬದುಕಲಿಲ್ಲ. ನಿವೃತ್ತಿಯಾದ ಮೇಲೆ ಮನೆಯ ಹಿಂದಿನ ಕೋಣೆಯೊಂದರಲ್ಲಿ ಪಟಗಳನ್ನು ಅಂಟಿಸಿ, ಕೆಲವು ಸಾಮಾನುಗಳನ್ನು ಮೇಜಿನ ಮೇಲಿಟ್ಟು, ಯಾರಾದರೂ ಬಂದರೆ ತೋರಿಸುತ್ತಿದ್ದರು. ಬರುತ್ತಿದ್ದವರು ಕಡಿಮೆ.

ಏಳನೇ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಎಂದಾಗ ಹೆಡ್‌ಮೇಷ್ಟ್ರು ಹುಬ್ಬು ಗಂಟಿಕ್ಕಿದರು. "ಎಲ್ಲಿಯ ಜರ್ಮನಿ, ಎಲ್ಲಿಯ ಬಂಗಾರಪೇಟೆ? ಮಕ್ಕಳಿಗೆ ಯಾಕ್ರೀ ಹೆಣದ ಕಥೆ?" ಎಂದರು. ನಾನು ಪಟ್ಟು ಬಿಡಲಿಲ್ಲ. ಕೊನೆಗೆ ರುಜು ಹಾಕಿ, "ಏನಾದರೂ ಆದರೆ ನಾನು ಜವಾಬ್ದಾರನಲ್ಲ" ಎಂದರು. ಅರವತ್ತರ ದಶಕದ ಮೊದಲ ವರ್ಷಗಳು ಅವು.

ಕಷ್ಟವಾದದ್ದು ಆ ತರಗತಿಯ ಮುನಿಲಕ್ಷ್ಮಿಯ ಅಪ್ಪನನ್ನು ಒಪ್ಪಿಸುವುದು. ಮುನಿವೆಂಕಟಪ್ಪ ಬಂಗಾರಪೇಟೆ ಮಂಡಿಯಲ್ಲಿ ಮೂಟೆ ಹೊರುವವನು. ಅವನ ಕಡೆಯವರಲ್ಲಿ ಏಳನೇ ತರಗತಿ ತನಕ ಓದಿದ ಹುಡುಗಿ ಅವಳೊಬ್ಬಳೇ. ಮೂಟೆ ಇಳಿಸಿ, ತಲೆಯ ಮೇಲಿನ ಗೋಣಿ ಸರಿಸಿ ಹೇಳಿದ: "ಎಣ್ ಮಗು ಟೀಚರಮ್ಮ. ರೈಲು ಅಂತೀರಾ, ಗಣಿ ಅಂತೀರಾ. ನಿಮ್ ಮಾತ್ ಮೇಲೆ ಕಳಿಸ್ತೀನಿ. ಏನಾನ ಎಚ್ಚುಕಮ್ಮಿ ಆಯ್ತೋ, ಮಾರ್ನೇ ದಿನದಿಂದ ಇಸ್ಕೂಲಿಲ್ಲ. ನಮ್ಮಕ್ಕನ ಮಗ ಅವ್ನೆ, ಮದ್ವೆ ಮಾಡಿ ಕೈತೊಳ್ಕೊತೀನಿ." ಇದು ಬೆದರಿಕೆಯಲ್ಲ, ಅವನು ಹೇಳಿದ್ದನ್ನು ಮಾಡುವವನು. "ನಾನೇ ಕರೆದುಕೊಂಡು ಬಂದು ನಿನ್ನ ಕೈಗೆ ಒಪ್ಪಿಸುತ್ತೇನೆ" ಎಂದೆ.

ಬಿಲ್ಲೆ ಹಾಕಿಕೊಂಡ ಮಕ್ಕಳನ್ನು ಕೆ.ಜಿ.ಎಫ್.ನ ಕೊನೆಯ ಸ್ಟೇಷನ್ ಮಾರಿಕುಪ್ಪಂನಲ್ಲಿ ಇಳಿಸಿ, ನಡೆಸಿಕೊಂಡು ಕ್ಲಾರಮ್ಮನ ಗೇಟಿಗೆ ಹೋದೆ. ಆಕೆ ನಗುತ್ತಾ, "ವಾಂಗೋ ಕಣ್ಣುಗಳಾ, ಬನ್ನಿ ಬನ್ನಿ" ಎಂದು ಮೆಟ್ಟಿಲಿಳಿದು ಬಂದರು. ಮೊದಲ ಮಗುವಿನ ಕೊರಳು ನೋಡಿದರು. ಎರಡನೆಯದರದು ನೋಡಿದರು. ಮುಖ ಬಿಳಿಚಿಕೊಂಡಿತು.

"ಮಕ್ಕಳಿಗೆ ಯಾರು ನಂಬರ್ ಹಾಕಿದ್ದು?" ಎಂದು ಕೂಗಿದರು. "ತೆಗಿ! ಈಗಲೇ ತೆಗಿ! ಈ ಮನೆ ಒಳಗೆ ನಂಬರ್ ಬರಕೂಡದು!"

ನಾನು ತಬ್ಬಿಬ್ಬಾದೆ. ಹಿಟ್ಲರನ ಸೆರೆಶಿಬಿರಗಳಲ್ಲಿ ಆಕೆಯ ಜನರ ಹೆಸರು ಕಿತ್ತುಕೊಂಡು ನಂಬರು ಹಾಕಿದ್ದರು ಎಂಬುದು ನನಗೆ ಗೊತ್ತಿತ್ತು. ಆದರೆ ಗೊತ್ತಿದ್ದದ್ದು ತಲೆಯಲ್ಲಿ ಒಂದು ಕಡೆ, ತಗಡಿನ ಬಿಲ್ಲೆ ಇನ್ನೊಂದು ಕಡೆ. ಗಣಿಯ ಪಕ್ಕ ಬಾಳುವ ನಮಗೆ ಬಿಲ್ಲೆ ಎಂದರೆ ಕೊಡೆ, ಚಪ್ಪಲಿ ಇದ್ದ ಹಾಗೆ. ಬಡಬಡನೆ ಎಲ್ಲರ ಬಿಲ್ಲೆ ಬಿಚ್ಚಿಸಿ ನನ್ನ ಬ್ಯಾಗಿಗೆ ಹಾಕಿಕೊಂಡೆ. ಬಿಡಿಸಿ ಹೇಳಲು ಹೋದರೆ ಆಕೆ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಒಂದು ಲೋಟ ನೀರು ಕುಡಿದು ಸುಧಾರಿಸಿಕೊಂಡು ನಮ್ಮನ್ನು ಒಳಗೆ ಕರೆದರು.

ಕೋಣೆಯಲ್ಲಿ ಗಾಜಿನ ಕಪಾಟಿಲ್ಲ, ಕಾವಲುಗಾರನಿಲ್ಲ. ಮೇಜಿನ ಮೇಲೆ ಉಣ್ಣೆಯ ಪುಟ್ಟ ಕೈಗವಸುಗಳಿದ್ದವು. "ಅಯ್ಯೋ, ಕೈಗೂ ಕಾಲ್ಚೀಲಾನಾ?" ಎಂದು ಮಕ್ಕಳು ನಕ್ಕರು. ಕ್ಲಾರಮ್ಮನೂ ನಕ್ಕರು. "ನಮ್ಮೂರಲ್ಲಿ ಚಳಿ ಕಣಪ್ಪ. ಇದು ನನ್ನ ತಂಗಿ ಮಗನಿಗೆ ನಾನು ಇಲ್ಲೇ ಕೂತು ಹೆಣೆದಿದ್ದು. ಪೋಸ್ಟಿನಲ್ಲಿ ಕಳಿಸಿದೆ. ಆ ಮನೆಯಲ್ಲಿ ಯಾರೂ ಇಲ್ಲ ಅಂತ ವಾಪಸ್ ಬಂತು." ಮಕ್ಕಳ ನಗು ನಿಂತಿತು.

ಒಂದು ಪಟದಲ್ಲಿ ತೋಳಿನ ಮೇಲೆ ನಂಬರು ಚುಚ್ಚಿದ್ದ ಮನುಷ್ಯನಿದ್ದ. "ನಮ್ಮಜ್ಜಿ ಕೈ ಮೇಲೂ ಹಚ್ಚೆ ಐತೆ" ಎಂದಳು ಏಳುಮಲೈಯ ಮಗಳು. "ಏನು ಹಾಕಿಸ್ಕೊಂಡಿದಾರೆ ಅಜ್ಜಿ?" ಎಂದು ಕ್ಲಾರಮ್ಮ ಕೇಳಿದರು. "ಸೀತಮ್ಮನ ತೊಟ್ಲು." "ಚೆನ್ನಾಗಿದೆ. ಅಜ್ಜಿ ಇಷ್ಟಪಟ್ಟು ಹಾಕಿಸ್ಕೊಂಡ್ರು. ಇವನನ್ನ ಯಾರೂ ಕೇಳಲಿಲ್ಲ."

ಇನ್ನೊಂದು ಪಟದಲ್ಲಿ ಪೆಟ್ಟಿಗೆ ಹಿಡಿದ ಮಕ್ಕಳು ರೈಲಿನ ಮುಂದೆ ಸಾಲಾಗಿ ನಿಂತಿದ್ದರು. ಬೇರೆ ಎಲ್ಲಿಗೋ ಕರೆದೊಯ್ಯುತ್ತೇವೆಂದು ಅವರಿಗೆ ಸುಳ್ಳು ಹೇಳಿದ್ದರು, ಹೋದವರು ಬರಲಿಲ್ಲ ಎಂದರು ಕ್ಲಾರಮ್ಮ. ಆಮೇಲೆ ಮಕ್ಕಳತ್ತ ತಿರುಗಿ, "ಪಕ್ಕದ ಮನೆಯವರನ್ನ ಹೀಗೆ ಕರ್ಕೊಂಡು ಹೋಗುವಾಗ ಆ ಬೀದಿಯವರು ಏನು ಮಾಡಿದ್ರು ಹೇಳಿ?" ಎಂದು ಕೇಳಿದರು. ಒಬ್ಬ ಹುಡುಗ "ಪೋಲೀಸಿಗೆ ಏಳಿದ್ರು" ಎಂದ. "ಕರ್ಕೊಂಡು ಹೋದವರೇ ಪೋಲೀಸು" ಎಂದರು ಆಕೆ. ಇನ್ನೊಬ್ಬಳು "ಜಗಳ ಆಡಿದ್ರು" ಎಂದಳು. "ಇಲ್ಲ ಕಣ್ಣು. ಕಿಟಕಿ ಹಾಕ್ಕೊಂಡ್ರು. ಕೆಟ್ಟವರಲ್ಲ ಅವರು. ನಮ್ಮಪ್ಪನ ಅಂಗಡಿಯಲ್ಲಿ ಬ್ರೆಡ್ ತಗೊಳ್ತಿದ್ದವರು. ಸುಮ್ಮನೆ ಕಿಟಕಿ ಹಾಕ್ಕೊಂಡ್ರು."

ಅಂಗಳದಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ನಮ್ಮ ಮಕ್ಕಳು ಎಂದಿನಂತೆ ಗುಂಪು ಗುಂಪಾಗಿ ಕೂತರು. ಮುನಿಲಕ್ಷ್ಮಿಯೂ ಅವಳ ಕೇರಿಯ ಇಬ್ಬರು ಹುಡುಗರೂ ದೂರದ ಸೀಬೆ ಗಿಡದ ಬುಡದಲ್ಲಿ. ಹಾಗೆ ಕೂರಿಸಿದವರು ಯಾರೂ ಇಲ್ಲ, ತಾವೇ ಹೋಗಿ ಕೂತರು. ಕ್ಲಾರಮ್ಮ ನನ್ನನ್ನೊಮ್ಮೆ ನೋಡಿದರು. ತಮ್ಮ ತಟ್ಟೆ ಎತ್ತಿಕೊಂಡು ಹೋಗಿ ಮುನಿಲಕ್ಷ್ಮಿಯ ಪಕ್ಕ ಕೂತು ಅವಳ ರಾಗಿ ಮುದ್ದೆ ಮುರಿದು ತಿಂದರು. ಸ್ವಲ್ಪ ಹೊತ್ತಿಗೆ ಏಳುಮಲೈಯ ಮಗಳು ಎದ್ದು ಅಲ್ಲಿಗೆ ಹೋದಳು. ಅವಳ ಹಿಂದೆ ಇನ್ನೂ ಕೆಲವರು. ಎಲ್ಲರೂ ಹೋಗಲಿಲ್ಲ. ಆದರೂ ಅಷ್ಟು ವರ್ಷ ನಾನು ಸಮಾಜ ಪಾಠ ಎಂದು ಹೇಳಿಕೊಟ್ಟದ್ದಕ್ಕಿಂತ ಆ ಊಟ ಹೆಚ್ಚಿನದು.

ಮಾರಿಕುಪ್ಪಂ ಸ್ಟೇಷನ್ನಿಗೆ ವಾಪಸ್ ಬಂದು, ಅಭ್ಯಾಸಬಲದಿಂದ ಮಕ್ಕಳನ್ನು ರೈಲಿನ ಮುಂದೆ ಸಾಲಾಗಿ ನಿಲ್ಲಿಸಿ, ಬ್ಯಾಗಿನಿಂದ ಬಿಲ್ಲೆ ತೆಗೆದು ಒಬ್ಬೊಬ್ಬರನ್ನೇ ಕರೆದು ಕೊರಳಿಗೆ ಹಾಕಿದೆ. ಹದಿನೇಳನೆಯ ಬಿಲ್ಲೆ ನನ್ನ ಕೈಯಲ್ಲೇ ಉಳಿಯಿತು. ಮುನಿಲಕ್ಷ್ಮಿ ಇರಲಿಲ್ಲ.

ಕೂಗಿದೆ. ಬೋಗಿಗಳಲ್ಲಿ ಹುಡುಕಿದೆ. ಸ್ಟೇಷನ್ ಹಿಂದೆ ನೋಡಿದೆ. ರೈಲು ಹೊರಟುಹೋಯಿತು. ಸುತ್ತಲೂ ಚಿನ್ನ ತೆಗೆದು ಸುರಿದ ಸಯನೈಡ್ ಮಣ್ಣಿನ ದಿಬ್ಬಗಳು, ಅವುಗಳಾಚೆ ಬೇಲಿ ಮುರಿದ ಹಳೆಯ ಗಣಿ ಬಾವಿಗಳು. ಮುನಿವೆಂಕಟಪ್ಪನಿಗೆ ಕೊಟ್ಟ ಮಾತಿರಲಿ, ಮಗು ಜೀವಂತ ಸಿಕ್ಕರೆ ಸಾಕು ಎಂದು ಬೇಡಿಕೊಂಡೆ. ಸ್ಟೇಷನ್ ಮಾಸ್ತರರು ಮಕ್ಕಳನ್ನು ತಮ್ಮ ಕೋಣೆಯ ಮುಂದೆ ಕೂರಿಸಿಕೊಂಡು ಬಂಗಾರಪೇಟೆಗೆ ಸುದ್ದಿ ಮುಟ್ಟಿಸಿದರು.

ಆಗ ಶಿಫ್ಟ್ ಬಿಟ್ಟ ಕೂಲಿಗಳು ಮುಂದಿನ ರೈಲಿಗೆಂದು ಬರತೊಡಗಿದ್ದರು. ಅವರಲ್ಲಿ ಏಳುಮಲೈ ಇದ್ದ. ನಾನು ಬಾಯಿ ತೆರೆಯುವ ಮುಂಚೆಯೇ ನನ್ನ ಕೈಯಲ್ಲಿದ್ದ ಬಿಲ್ಲೆ ನೋಡಿದ. ಬುತ್ತಿ ಕ್ಯಾರಿಯರ್ ಕೆಳಗಿಟ್ಟು ಹಿಂದಿದ್ದವರಿಗೆ ಕೂಗಿ ಹೇಳಿದ: "ಡೇ, ಒಂದು ಟೋಕನ್ ವಾಪಸ್ ಬಂದಿಲ್ಲ ಡಾ! ಸಣ್ಣ ಮಗು!"

ಅಷ್ಟೇ ಸಾಕಾಯಿತು. ಎಂಟು ಗಂಟೆ ನೆಲದಡಿ ಬೆವರು ಸುರಿಸಿ ಬಂದ ಗಂಡಸರು, ಮಗು ಯಾರದು, ಯಾವ ಜಾತಿ, ಯಾವ ಭಾಷೆ ಎಂದು ಒಬ್ಬರೂ ಕೇಳದೆ, ಕ್ಯಾರಿಯರುಗಳನ್ನು ಪ್ಲಾಟ್‌ಫಾರ್ಮಿನ ಮೇಲೆ ಸಾಲಾಗಿಟ್ಟು ನಾಲ್ಕೂ ದಿಕ್ಕಿಗೆ ಹೊರಟರು. ಕೆಲವರು ಹಳಿಯ ಗುಂಟ, ಕೆಲವರು ಹಳೆ ಬಾವಿಗಳ ಕಡೆ.

ಸುದ್ದಿ ತಿಳಿದು ಕ್ಲಾರಮ್ಮ ಕೊಡೆಯನ್ನೂ ಮರೆತು ಓಡಿ ಬಂದರು. ನಾನು ಮಕ್ಕಳನ್ನು ಹೇಗೆ ನಿಲ್ಲಿಸಿದ್ದೆ, ಏನು ಮಾಡಿದ್ದೆ ಎಂದು ಕೇಳಿದರು. ಹೇಳಿದೆ. ಆಕೆ ಹಣೆ ಒತ್ತಿಕೊಂಡರು.

"ಆ ಮಗು ಕಳೆದುಹೋಗಿಲ್ಲ ಅಮ್ಮಾ, ಓಡಿಹೋಗಿದೆ. ನಾನು ಪಟದಲ್ಲಿ ತೋರಿಸಿದ್ದನ್ನೇ ನೀವು ಇಲ್ಲಿ ಮಾಡಿದ್ರಿ. ಸಾಲು, ನಂಬರು, ರೈಲು. ಅದು ಬುದ್ಧಿವಂತ ಮಗು. ಹಳಿಯ ಹತ್ತಿರ ಹುಡುಕಬೇಡಿ. ರೈಲು ಇಲ್ಲದ ಕಡೆ ಹುಡುಕಿ."

ನನ್ನ ಕಣ್ಣಿನ ಪೊರೆ ಕಳಚಿದಂತಾಯಿತು. ಮುನಿಲಕ್ಷ್ಮಿಯ ಅಜ್ಜಿಯ ಊರು ಕ್ಯಾಸಂಬಳ್ಳಿಯ ಹತ್ತಿರ. ಆ ಕಡೆಗೆ ರೈಲಿಲ್ಲ. ಏಳುಮಲೈ ಯಾರದೋ ಸೈಕಲ್ ಕಿತ್ತುಕೊಂಡು ಆ ರಸ್ತೆ ಹಿಡಿದ. ಕ್ಲಾರಮ್ಮನೂ ನಾನೂ ಹಿಂದೆಯೇ ಓಡುನಡಿಗೆಯಲ್ಲಿ ಹೊರಟೆವು.

ಹೊತ್ತು ಮುಳುಗುವಷ್ಟರಲ್ಲಿ ಎದುರಿನಿಂದ ಸೈಕಲ್ ತಳ್ಳಿಕೊಂಡು ಏಳುಮಲೈ ಬರುತ್ತಿದ್ದ. ಪಕ್ಕದಲ್ಲಿ ಎತ್ತಿನ ಗಾಡಿ. ಗಾಡಿಯಲ್ಲಿ, ಮಾರಿ ಉಳಿದ ಮೂಲಂಗಿ ಸೊಪ್ಪಿನ ನಡುವೆ ಮುನಿಲಕ್ಷ್ಮಿ. ತರಕಾರಿ ಮಾರಿ ಊರಿಗೆ ಹೊರಟಿದ್ದ ಹೆಂಗಸೊಬ್ಬಳು, ಒಂಟಿಯಾಗಿ ನಡೆಯುತ್ತಿದ್ದ ಹುಡುಗಿಯನ್ನು ಗಾಡಿಗೆ ಹತ್ತಿಸಿಕೊಂಡಿದ್ದಳು. ಏಳುಮಲೈ ಹೇಳಿದ ಮೇಲೆ ಗಾಡಿ ತಿರುಗಿಸಿದ್ದಳು. ನಾನು ಮಗುವನ್ನು ಇಳಿಸಿ ಎದೆಗವುಚಿಕೊಂಡೆ.

"ನಾನು ರೈಲು ಅತ್ತಲ್ಲ ಟೀಚರ್. ಅದು ಎಲ್ಲಿಗ್ ಓಗ್ತದೋ" ಎಂದಳು ಅವಳು.

ಬಂಗಾರಪೇಟೆಗೆ ಎಂದು ನಾನು ಹೇಳಿದರೆ ನಂಬಲು ಅವಳಿಗೆ ಯಾವ ಕಾರಣವೂ ಇರಲಿಲ್ಲ. ಪಟದ ಮಕ್ಕಳಿಗೂ ಯಾರೋ ಹೀಗೇ ಹೇಳಿದ್ದರು. ಉತ್ತರ ಕೊಟ್ಟವರು ಕ್ಲಾರಮ್ಮ. "ನನಗೂ ರೈಲು ಅಂದ್ರೆ ಭಯ ಕಣ್ಣು. ಈ ಊರಿಗೆ ಬಂದ ಮೇಲೆ ಹತ್ತೇ ಇಲ್ಲ, ಬಸ್ಸಲ್ಲೇ ಓಡಾಡೋದು. ಇವತ್ತು ನಾನೂ ಬರ್ತೀನಿ. ನೀನು ನನ್ನ ಕೈ ಹಿಡ್ಕೋ, ನಾನು ನಿನ್ನ ಕೈ ಹಿಡ್ಕೊತೀನಿ."

ಸ್ಟೇಷನ್ನಿಗೆ ವಾಪಸ್ ಬಂದು, ಉಳಿದ ಮಕ್ಕಳ ಜೊತೆ ಹಾಗೆಯೇ ಹತ್ತಿದರು. ಬೋಗಿಯ ತುಂಬ ಹುಡುಕಲು ಹೋಗಿದ್ದ ಕೂಲಿಗಳು. ಹಳೆ ಬಾವಿಗಳ ಕಡೆ ಹೋದವರನ್ನು ಗಣಿ ಬೀದಿಯ ಹುಡುಗರು ಓಡಿಹೋಗಿ ಕೂಗಿ ಕರೆತಂದಿದ್ದರು. ಏಳುಮಲೈ ಬಿಲ್ಲೆಯನ್ನು ಮುನಿಲಕ್ಷ್ಮಿಯ ಕೊರಳಿಗೆ ಹಾಕಲು ಹೋಗಿ, ಕ್ಲಾರಮ್ಮನ ಮುಖ ನೋಡಿ ಕೈ ಹಿಂತೆಗೆದ. ಮಗುವಿನ ಮಡಿಲಲ್ಲಿ ಇಟ್ಟು ಹೇಳಿದ:

"ಇದು ನಿನ್ನ ಇಡ್ಕೊಂಡ್ ಓಗಕ್ಕಲ್ಲ ಕಣಮ್ಮ. ನೀನು ಬರಲಿಲ್ಲ ಅಂದ್ರೆ ನಮಗೆ ಗೊತ್ತಾಗ್ಲಿ ಅಂತ. ನಮ್ಮಲ್ಲಿ ಒಂದು ಮೊಳೆ ಖಾಲಿ ಇದ್ರೆ ಯಾರೂ ಮನೆಗೆ ಓಗಲ್ಲ. ಕಲ್ಲು ಬಿದ್ದು ದಾರಿ ಮುಚ್ಕೊಂಡ್ರೂ ಅಗೀತಾನೇ ಇರ್ತೀವಿ."

ಕ್ಲಾರಮ್ಮ ಬಿಲ್ಲೆ ಎತ್ತಿಕೊಂಡು ತಿರುವಿ ಮುರುವಿ ನೋಡಿದರು. "ನಮ್ಮವರಿಗೂ ನಂಬರ್ ಕೊಟ್ರು. ಬರಲಿಲ್ಲ ಅಂತ ಒಬ್ಬರೂ ಹುಡುಕಲಿಲ್ಲ" ಎಂದರು. ಆಮೇಲೆ ಆಕೆ ತಾವೇ ಅದರ ದಾರ ಬಿಡಿಸಿ, "ಹಾಕಲಾ?" ಎಂದು ಮಗುವನ್ನು ಕೇಳಿದರು. ಮಗು ಹೂಂ ಎಂದ ಮೇಲೆ ಹಾಕಿದರು.

ಅಂದಿನಿಂದ ಪ್ರವಾಸದಲ್ಲಿ ನಾನು ಕೇಳದೆ ಯಾವ ಮಗುವಿನ ಕೊರಳಿಗೂ ಬಿಲ್ಲೆ ಹಾಕಲಿಲ್ಲ, ಅದು ಯಾಕೆ ಎಂದು ಹೇಳದೆ ಕಳಿಸಲೂ ಇಲ್ಲ. ನಿಮಗೆ ಬೇರೆ ಏನು ಮರೆತರೂ ಇದು ನೆನಪಿರಲಿ. ನಾವು ಮಾಡುವುದು ನಮಗೆ ಸ್ಪಷ್ಟವಾಗಿರುತ್ತದೆ ಎಂದ ಮಾತ್ರಕ್ಕೆ ಮಕ್ಕಳಿಗೂ ಸ್ಪಷ್ಟವಾಗಿರಬೇಕಾಗಿಲ್ಲ.

ಬಂಗಾರಪೇಟೆ ಪ್ಲಾಟ್‌ಫಾರ್ಮಿನಲ್ಲಿ ಮುನಿವೆಂಕಟಪ್ಪ ನಿಂತಿದ್ದ. ಗೋಣಿಯನ್ನು ಇನ್ನೂ ಹೆಗಲಿನಿಂದ ಇಳಿಸಿರಲಿಲ್ಲ. ಮಗಳನ್ನು ತಲೆಯಿಂದ ಕಾಲಿನವರೆಗೆ ಸವರಿ ನೋಡಿದ. ನಾನು ಏನೋ ಹೇಳಲು ಹೋದರೆ ಕೈ ಎತ್ತಿ ತಡೆದ. ಮಗಳ ರಟ್ಟೆ ಹಿಡಿದು, "ನಡಿ ಮನೆಗೆ" ಎಂದ. ಮುಗಿಯಿತು ಎಂದುಕೊಂಡೆ. ಮಗು ಸಿಕ್ಕಿತು, ಸ್ಕೂಲು ಹೋಯಿತು.

ಮುನಿಲಕ್ಷ್ಮಿ ಕದಲಲಿಲ್ಲ. "ಮೊದಲು ಇಸ್ಕೂಲಿಗೆ ಓಗ್ಬೇಕು ಕಣಪ್ಪ" ಎಂದಳು.

"ಈ ಒತ್ತಲ್ಲಿ ಎಂಥ ಇಸ್ಕೂಲಲೇ?"

"ಬಿಲ್ಲೆ ಆಕ್ಬೇಕು. ಇಲ್ಲಾಂದ್ರೆ ಎಲ್ರೂ ನನ್ನ ಇನ್ನೂ ಉಡುಕ್ತಾನೇ ಇರ್ತಾರೆ."

ಮುನಿವೆಂಕಟಪ್ಪ ಮಗಳನ್ನು ನೋಡಿದ. ಅವಳ ಹಿಂದೆ ರೈಲಿಂದ ಇಳಿದು ಮನೆಗೆ ಹೋಗದೆ ನಿಂತಿದ್ದ ಮಣ್ಣು ಮೆತ್ತಿದ ಗಂಡಸರನ್ನು ನೋಡಿದ. ಸ್ಕೂಲಿನ ದಾರಿ ಹಿಡಿದ. ಕ್ಲಾರಮ್ಮನೂ ಸೇರಿ ನಾವೆಲ್ಲ ಹಿಂದೆ ಹೋದೆವು.

ಸ್ಕೂಲಿನಲ್ಲಿ ಹೆಡ್‌ಮೇಷ್ಟ್ರು ಲಾಟೀನು ಹಿಡಿದುಕೊಂಡು ಹಲಗೆಯ ಮುಂದೆ ಒಬ್ಬರೇ ಕೂತಿದ್ದರು. ಜವಾಬ್ದಾರನಲ್ಲ ಎಂದಿದ್ದ ಮನುಷ್ಯ ಊಟ ಕೂಡ ಮಾಡಿರಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಬಿಲ್ಲೆ ಸಿಕ್ಕಿಸಿದರು. ಹದಿನೇಳನೆಯ ಮೊಳೆ ಮೇಲಿನ ಸಾಲಿನಲ್ಲಿತ್ತು, ಮುನಿಲಕ್ಷ್ಮಿಗೆ ಎಟುಕಲಿಲ್ಲ. ಅವಳಪ್ಪ ಬಗ್ಗಿ, ದಿನವೆಲ್ಲ ಮೂಟೆ ಹೊತ್ತ ಹೆಗಲ ಮೇಲೆ ಅವಳನ್ನು ಎತ್ತಿ ಕೂರಿಸಿಕೊಂಡ. ಅವಳು ಬಿಲ್ಲೆ ಹಾಕಿ, ಬೀಳುವುದಿಲ್ಲವಷ್ಟೇ ಎಂದು ಒಮ್ಮೆ ಅಲ್ಲಾಡಿಸಿ ನೋಡಿದಳು. ಏಳುಮಲೈ ಮತ್ತು ಅವನ ಜೊತೆಯವರು ಆಗ ತಮ್ಮ ಕ್ಯಾರಿಯರ್ ಎತ್ತಿಕೊಂಡು ಮನೆಗಳಿಗೆ ಹೊರಟರು.

ಮುನಿವೆಂಕಟಪ್ಪ ಮಗಳನ್ನು ಇಳಿಸಲಿಲ್ಲ. ಹೆಗಲ ಮೇಲಿಟ್ಟುಕೊಂಡೇ ಬಾಗಿಲ ತನಕ ಹೋಗಿ, ತಿರುಗಿ ನಿಂತು ಕೇಳಿದ: "ನಾಳೆ ಎಷ್ಟೊತ್ತಿಗೆ ಕಳಿಸ್ಲಿ ಟೀಚರಮ್ಮ?"

"ಎಂದಿನ ಹೊತ್ತಿಗೆ" ಎಂದೆ. ಅವರು ಕಣ್ಮರೆಯಾದ ಮೇಲೆ ಸ್ಕೂಲಿನ ಮೆಟ್ಟಿಲ ಮೇಲೆ ಕೂತು, ಹೆಡ್‌ಮೇಷ್ಟ್ರ ಎದುರಿಗೇ, ಸಮಾಧಾನದಿಂದ ಜೋರಾಗಿ ಅತ್ತುಬಿಟ್ಟೆ.